ತಂಗಿಗೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟವನು ನಾನು

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಹಾಗೂ ಕಿಡ್ನಿ ಕಸಿಗೆ ಅನುಮತಿ ಕೊಡುವ ಸಮಿತಿಗಳಲ್ಲಿ ಕೂರುವ ಎಲ್ಲರಿಗೂ,

ನಮಸ್ಕಾರ.

2016ರ ಆಗಸ್ಟ್‌ನಲ್ಲಿ ನನ್ನ ತಂಗಿ ತನ್ನ ಎಡ ಕಿಡ್ನಿಯನ್ನು ನಮ್ಮ ಕೊನೆಯ ತಮ್ಮನಿಗೆ ಕೊಟ್ಟಳು. ತಮ್ಮ ಚೆನ್ನಾಗಿದ್ದಾನೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮತ್ತೆ ಲೆಕ್ಕ ಬರೆಯುತ್ತಾನೆ, ಹೊತ್ತು ಹೊತ್ತಿಗೆ ಮಾತ್ರೆ ನುಂಗುತ್ತಾನೆ, ಮಗನನ್ನು ಸ್ಕೂಲಿಗೆ ಬಿಟ್ಟು ಬರುತ್ತಾನೆ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಮುಗಿಸಿಕೊಂಡು ಬಂದು, ಯಾರ ಜೊತೆಗೂ ಮಾತಾಡದೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ ಹುಡುಗ ಇವನೇನಾ ಅನ್ನಿಸುತ್ತದೆ. ಆದ್ದರಿಂದ ಈ ಪತ್ರ ಕಿಡ್ನಿ ದಾನದ ವಿರುದ್ಧ ಎಂದು ಯಾರೂ ಓದಬಾರದು. ನಾನು ಬರೆಯುತ್ತಿರುವುದು ಕೊಡುವವರ ತಪಾಸಣೆಯ ಬಗ್ಗೆ. ಆ ತಪಾಸಣೆ ಯಾರಿಗೋಸ್ಕರ ನಡೆಯುತ್ತದೆ ಎಂಬುದರ ಬಗ್ಗೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕಿಡ್ನಿಯೊಳಗೆ ರಕ್ತ ಸೋಸುವ ನೆಫ್ರಾನ್ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಆ ಅಹಂಕಾರ ನಮ್ಮ ಮನೆಗೆ ಏನು ಮಾಡಿತು ಎಂಬುದೂ ಈ ಪತ್ರದಲ್ಲಿದೆ.

ತಮ್ಮನ ಕಾಯಿಲೆ ಗೊತ್ತಾಗುವ ಹೊತ್ತಿಗೆ ಅವನ ಎರಡೂ ಕಿಡ್ನಿ ಕುಗ್ಗಿಹೋಗಿದ್ದವು. ಬಯಾಪ್ಸಿ ಮಾಡಿಯೂ ಪ್ರಯೋಜನವಿಲ್ಲ ಅಂದರು. ಹಾಗಾಗಿ ಕಿಡ್ನಿ ಯಾಕೆ ಕೆಟ್ಟಿತು ಎಂಬುದು ಕೊನೆಗೂ ತಿಳಿಯಲಿಲ್ಲ. ನಮ್ಮ ಕಡೆ ಎಷ್ಟೋ ಮಂದಿಯ ಕತೆ ಇದೇ; ತಡವಾಗಿ ಹೋಗುತ್ತೇವೆ, ಕಾರಣ ಕೈಗೆ ಸಿಗುವುದಿಲ್ಲ. ಕಾರಣ ಗೊತ್ತಿಲ್ಲದಿದ್ದರೆ ಒಡಹುಟ್ಟಿದವರ ಪರೀಕ್ಷೆ ಇನ್ನೂ ಬಿಗಿಯಾಗಬೇಕು, ಏಕೆಂದರೆ ಅದೇ ಕಾಯಿಲೆಯ ಬೀಜ ಅವರಲ್ಲೂ ಇರಬಹುದು. ಈಗ ನನಗೆ ಇದು ತಿಳಿಯುತ್ತದೆ. ಆಗ ನಮ್ಮ ತಲೆಯಲ್ಲಿದ್ದದ್ದು ಒಂದೇ ಮಾತು: ಯಾರದು ಮ್ಯಾಚ್ ಆಗುತ್ತೆ?

ಅಮ್ಮನದು ಮೊದಲ ದಿನವೇ ಮುಗಿಯಿತು. 63 ವರ್ಷ, ಬಿಪಿಗೆ ದಿನಕ್ಕೆ ಎರಡು ಮಾತ್ರೆ. "ಹೆತ್ತೋಳದೇ ಬ್ಯಾಡ ಅಂದ್ರೆ ಇನ್ಯಾರದು ಬೇಕಪ್ಪ ನಿಮಗೆ" ಎಂದು ಡಾಕ್ಟರ ಮುಂದೆಯೇ ಅತ್ತಳು. ತಮ್ಮನ ಹೆಂಡತಿ ಸೆರಗು ಬಿಗಿದುಕೊಂಡು ಬಂದಿದ್ದಳು. ರಕ್ತದ ಗುಂಪು ಹೊಂದಲಿಲ್ಲ: ಅವಳದು ಬಿ, ಅವನದು ಓ. ಇಂಥ ಎರಡು ಕುಟುಂಬಗಳು ದಾನಿಗಳನ್ನು ಅದಲು ಬದಲು ಮಾಡಿಕೊಳ್ಳಲು ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿಯೇ ದಾರಿ ಮಾಡಿಕೊಟ್ಟಿದೆ. ಓ ಗುಂಪಿನ ರೋಗಿಗೆ ಆ ದಾರಿಯಲ್ಲೂ ಜೋಡಿ ಸಿಗುವುದು ಕಷ್ಟ, ಒಪ್ಪುತ್ತೇನೆ. ಆದರೆ ಹಾಗೊಂದು ದಾರಿ ಇದೆ ಎಂದು ಆ ಹೆಣ್ಣುಮಗಳಿಗೆ ಯಾರೂ ಹೇಳಲಿಲ್ಲ.

ಆಮೇಲೆ ನನ್ನ ಸರದಿ. ನನ್ನದು ಓ ಗುಂಪು, 42 ವರ್ಷ, ಬೀಡಿ ಸಿಗರೇಟು ಇಲ್ಲ, ದಿನಾ ವಾಕಿಂಗ್. ಎಲ್ಲರೂ ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದರು: ಶುಗರ್ 118. ಅಂಥದ್ದೇನಿಲ್ಲ ಅಂದುಕೊಂಡೆ. ಆಮೇಲೆ 75 ಗ್ರಾಂ ಗ್ಲೂಕೋಸ್ ಕದಡಿದ ನೀರು ಕುಡಿಸಿ, ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ ಮತ್ತೆ ತೆಗೆದರು: 212. ಎರಡು ಗಂಟೆಯ ಲೆಕ್ಕ 200 ದಾಟಿದರೆ ಸಕ್ಕರೆ ಕಾಯಿಲೆ. ಖಾಲಿ ಹೊಟ್ಟೆಯದನ್ನಷ್ಟೇ ನೋಡಿ ಬಿಟ್ಟಿದ್ದರೆ ನಾನು ದಾನಿಯಾಗಿ ಪಾಸಾಗಿಬಿಡುತ್ತಿದ್ದೆ. ಆ ಎರಡು ಗಂಟೆಯ ಪರೀಕ್ಷೆಯನ್ನು ಬಿಡದೆ ಮಾಡಿದ ಲ್ಯಾಬಿನವರಿಗೆ ನಾನು ಇವತ್ತಿಗೂ ಋಣಿ.

ಅಂದು ನನಗೆ ಸಿಕ್ಕ ಉತ್ತರ ಎರಡು ವಾಕ್ಯದ್ದು. "ನೀವು ಅನ್‌ಫಿಟ್." ಅದರ ಹಿಂದೆಯೇ, "ಮನೇಲಿ ಇನ್ಯಾರಿದ್ದಾರೆ?"

ನಿಮಗೆ ಸಕ್ಕರೆ ಕಾಯಿಲೆ ಇದೆ, ನಾಳೆಯಿಂದ ಹೀಗೆ ಮಾಡಿ, ಇಂಥವರನ್ನು ನೋಡಿ ಎಂದು ಹೇಳುವುದು ಆ ಕೋಣೆಯಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ರಿಪೋರ್ಟ್ ಕೇಳಿದೆ. ಫೈಲಿನಲ್ಲಿದೆ ಅಂದರು. ಯಾವ ಫೈಲು? ತಮ್ಮನದು. ನನ್ನ ರಕ್ತ, ನನ್ನ ಮೂತ್ರ, ನನ್ನ ಕಾಯಿಲೆ ಎಲ್ಲವೂ ಅವನ ಹೆಸರಿನ ಫೈಲಿನಲ್ಲಿ ಒಂದು ಹಾಳೆಯಾಗಿ ಸೇರಿಕೊಂಡಿದ್ದವು. ಸ್ವಾಮಿ, ನನ್ನ ದೂರನ್ನೆಲ್ಲ ಒಂದೇ ಮಾತಿನಲ್ಲಿ ಹೇಳು ಅಂದರೆ ಇದನ್ನೇ ಹೇಳುತ್ತೇನೆ: ಕೊಡಲು ಬಂದವರಿಗೆ ಅಲ್ಲಿ ತಮ್ಮದೇ ಆದ ಫೈಲ್ ಇರಲಿಲ್ಲ.

ಇನ್ನೊಂದು ಮಾತು, ಇದನ್ನು ಬರೆಯಲು ಕೈ ಬರುವುದಿಲ್ಲ. ಅನ್‌ಫಿಟ್ ಅಂದಾಗ ನನಗೆ ಹಗುರಾಯಿತು. ಮುಖ ಸಪ್ಪಗೆ ಮಾಡಿಕೊಂಡು ಹೊರಗೆ ಬಂದೆ, ಅಮ್ಮನ ಕೈ ಹಿಡಿದುಕೊಂಡೆ, ಒಳಗೊಳಗೆ ಮಾತ್ರ ಬದುಕಿದೆ ಅನ್ನಿಸಿತು. ನನಗೆ ಹಾಗನ್ನಿಸಿದ್ದಾದರೆ, ತಪ್ಪಿಸಿಕೊಳ್ಳಲು ಯಾವ ನೆಪವೂ ಸಿಗದ ನನ್ನ ತಂಗಿಗೆ ಒಳಗೆ ಏನಿತ್ತು ಎಂದು ನಾನು ಆಗ ಯೋಚಿಸಲಿಲ್ಲ. ಅವಳನ್ನು ಯಾರೂ ಆರಿಸಲಿಲ್ಲ. ಮಿಕ್ಕವಳು ಅವಳೊಬ್ಬಳೇ.

ಅವಳಿಗೆ ಆಗ 34. ಒಬ್ಬ ಮಗಳು, ಮನೆಯಲ್ಲೇ ಟೈಲರಿಂಗ್. ಪರೀಕ್ಷೆಗಳಿಗಾಗಿ ಬೆಂಗಳೂರಿನಲ್ಲಿ ಆಸ್ಪತ್ರೆ ಹತ್ತಿರದ ಒಂದು ಲಾಡ್ಜಿನಲ್ಲಿದ್ದೆವು. 24 ಗಂಟೆಯ ಮೂತ್ರ ಹಿಡಿಯಲು ದೊಡ್ಡ ಪ್ಲಾಸ್ಟಿಕ್ ಕ್ಯಾನ್ ಕೊಟ್ಟಿದ್ದರು. ಬೆಳಗಿನ ಮೊದಲನೆಯದನ್ನು ಚೆಲ್ಲಬೇಕು, ಅಲ್ಲಿಂದ ಮಾರನೆಯ ಬೆಳಗಿನ ಮೊದಲನೆಯದನ್ನು ಸೇರಿಸಿ ಎಲ್ಲವನ್ನೂ ಹಿಡಿಯಬೇಕು. ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ಆ ಕ್ಯಾನನ್ನು ಬಟ್ಟೆ ಅಂಗಡಿಯ ಚೀಲದಲ್ಲಿಟ್ಟುಕೊಂಡು ಆಟೋ ಹತ್ತುವಾಗ, "ಡ್ರೈವರ್ ಏನಾದ್ರೂ ಕೇಳಿದ್ರೆ ಎಳನೀರು ಅನ್ನಣ್ಣ" ಎಂದು ನಗಿಸಿದ್ದಳು. ಕಿಡ್ನಿಯ ರಕ್ತನಾಳ ನೋಡುವ ಸಿಟಿ ಆಂಜಿಯೋಗ್ರಾಂನಲ್ಲಿ ಬಣ್ಣದ ಔಷಧಿ ಬಿಟ್ಟಾಗ ಮೈಯೆಲ್ಲ ಬಿಸಿಯಾಗಿ, ಉಚ್ಚೆ ಹೊಯ್ದುಕೊಂಡೆನೇನೋ ಅನ್ನಿಸಿ ಹೆದರಿದ್ದಳಂತೆ. ಹಾಗಾಗುತ್ತದೆ ಎಂದು ಮುಂಚೆಯೇ ಹೇಳಲು ಅರ್ಧ ನಿಮಿಷ ಸಾಕಿತ್ತು.

ದೇಹದ ಪರೀಕ್ಷೆಗಳು ನಿಜಕ್ಕೂ ಚೆನ್ನಾಗಿ ನಡೆದವು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಇಬ್ಬರದೂ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ, ಕ್ರಾಸ್‌ಮ್ಯಾಚ್, ಆಮೇಲೆ ಎಚ್‌ಐವಿ, ಹೆಪಟೈಟಿಸ್, ಎದೆಯ ಎಕ್ಸ್‌ರೇ, ಹೃದಯದ ಎಕೋ. ಡಿಟಿಪಿಎ ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿಯ ಕೆಲಸವನ್ನು ಬೇರೆ ಬೇರೆ ಅಳೆದರು: ನೂರಕ್ಕೆ ಎಡದ್ದು 49, ಬಲದ್ದು 51. ಹೆಚ್ಚು ಕೆಲಸ ಮಾಡುವ ಕಿಡ್ನಿ ಕೊಡುವವರಲ್ಲೇ ಉಳಿಯಬೇಕು ಎಂಬುದು ನಿಯಮ. ಎರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ಸಾಮಾನ್ಯವಾಗಿ ಎಡವನ್ನೇ ತೆಗೆಯುತ್ತಾರೆ, ಅದರ ರಕ್ತನಾಳ ಉದ್ದ, ಹೊಲಿಯಲು ಅನುಕೂಲ. ಹೊಲಿಗೆಯ ಮಾತು ಬಂದದ್ದರಿಂದ ಅದು ತಂಗಿಗೆ ತಕ್ಷಣ ಅರ್ಥವಾಯಿತು. "ಸೀಮ್‌ಗೆ ಬಟ್ಟೆ ಬಿಟ್ಟಂಗೆ" ಅಂದಳು. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಅಂದರೆ ರಕ್ತದ ಕ್ರಿಯಾಟಿನಿನ್, 0.7; ಬಿಪಿ 126/82. ಎಲ್ಲ ಸರಿ.

ಸರಿಯಿಲ್ಲದ್ದು ಮಾತಿನ ಭಾಗ.

ಡಾಕ್ಟರು ಹಳೆಯ ಕಾಯಿಲೆಗಳ ಬಗ್ಗೆ ಕೇಳುವಾಗ ಆ ಕೋಣೆಯಲ್ಲಿ ತಂಗಿ, ಅವಳ ಗಂಡ, ನಾನು, ತಮ್ಮನ ಹೆಂಡತಿ ಇದ್ದೆವು. "ಬಿಪಿ, ಶುಗರ್ ಏನಾದ್ರೂ ಇತ್ತೇನಮ್ಮ? ಹೆರಿಗೆಯಲ್ಲಿ ತೊಂದರೆ?" ಪ್ರಶ್ನೆ ಅವಳಿಗೆ. ಅವಳು ಬಾಯಿ ತೆಗೆಯುವ ಮೊದಲೇ ನಾನು ಹೇಳಿದೆ, "ಏನೂ ಇಲ್ಲ ಸಾರ್, ಗಟ್ಟಿಮುಟ್ಟಾಗಿದ್ದಾಳೆ." ಮೇಷ್ಟ್ರ ಅಭ್ಯಾಸ. ತರಗತಿಯಲ್ಲಿ ಉತ್ತರ ಬರುವುದು ತಡವಾದರೆ ನಾವೇ ಹೇಳಿಬಿಡುತ್ತೇವೆ. ಡಾಕ್ಟರು ಬರೆದುಕೊಂಡರು.

2009ರಲ್ಲಿ ಮಗಳು ಹುಟ್ಟುವಾಗ ಎಂಟನೇ ತಿಂಗಳಿಗೇ ಅವಳ ಕಾಲು ಊದಿತ್ತು, ಬಿಪಿ ಏರಿತ್ತು, ದಿನ ತುಂಬುವ ಮೊದಲೇ ಸಿಜೇರಿಯನ್ ಮಾಡಿದ್ದರು. ನಮ್ಮ ಮನೆಯಲ್ಲಿ ಅದನ್ನು "ಮೈಯಲ್ಲಿ ನೀರು ತುಂಬ್ಕೊಂಡಿತ್ತು" ಎಂದು ನೆನಪಿಟ್ಟುಕೊಂಡಿದ್ದೆವು. ಬಸುರಿಯಲ್ಲಿ ಹಾಗೆ ಬಿಪಿ ಏರಿದವರಿಗೆ ಮುಂದೆ ಬಿಪಿ, ಕಿಡ್ನಿ ತೊಂದರೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಕಿಡ್ನಿ ಕೊಡುವ ಹೆಂಗಸಿಗೆ ಕೇಳಲೇಬೇಕಾದ ಪ್ರಶ್ನೆ ಅದು. ಅದನ್ನು ಕೇಳಿದರು ಕೂಡ. ಉತ್ತರ ಕೊಟ್ಟವನಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದವಳು ಸುಮ್ಮನಿದ್ದಳು.

ಯಾಕೆ ಸುಮ್ಮನಿದ್ದೆ ಎಂದು ಆರು ವರ್ಷದ ನಂತರ ಕೇಳಿದೆ. "ನೀನು ಇಲ್ಲ ಅಂದ್ಬಿಟ್ಟಿದ್ದೆ. ಇತ್ತು ಅಂತ ನಾನು ಹೇಳಿದ್ರೆ, ತಪ್ಪಿಸಿಕೊಳ್ಳೋಕೆ ಹೇಳ್ತಿದಾಳೆ ಅನ್ಕೊಳ್ತಿದ್ರಿ ಎಲ್ಲ" ಅಂದಳು.

ಅಂದು ಅವಳು ಹೇಳಿದ್ದರೆ ಡಾಕ್ಟರು ಏನು ಮಾಡುತ್ತಿದ್ದರೋ ಬೇರೆ ಮಾತು. ಬೇಡ ಅನ್ನುತ್ತಿದ್ದರೋ, 24 ಗಂಟೆ ತೋಳಿಗೆ ಕಟ್ಟುವ ಬಿಪಿ ಯಂತ್ರ ಹಾಕಿ ನೋಡುತ್ತಿದ್ದರೋ, ಆಗಲಿ ಎಂದು ಮುಂದೆ ಹೋಗಿ ವರ್ಷ ವರ್ಷವೂ ಬಂದು ತೋರಿಸಿ ಎಂದು ಕಟ್ಟಪ್ಪಣೆ ಮಾಡುತ್ತಿದ್ದರೋ. ತೀರ್ಮಾನ ಯಾವುದಾದರೂ ವಿಷಯ ತಿಳಿದು ಆದ ತೀರ್ಮಾನವಾಗಿರುತ್ತಿತ್ತು.

ಈಗ ಕಾನೂನಿಗೆ ಬರುತ್ತೇನೆ. ಅವಳು ನನ್ನ ತಂಗಿ, ಅವನು ನನ್ನ ತಮ್ಮ ಎಂದು ರುಜುವಾತು ಮಾಡಲು ನಮಗೆ ಎರಡು ತಿಂಗಳು ಹಿಡಿಯಿತು. ನಾಡಕಚೇರಿಯಿಂದ ವಂಶವೃಕ್ಷ, ಎಲ್ಲರ ಆಧಾರ್, ಹಳೆಯ ರೇಷನ್ ಕಾರ್ಡ್, ಶಾಲೆಯ ಟಿಸಿ, ಚಿಕ್ಕವರಿದ್ದಾಗಿನ ಫೋಟೋ, ಅವಳ ಮದುವೆ ಫೋಟೋ, ಗಂಡನ ಒಪ್ಪಿಗೆ ಪತ್ರ. ಸಿಟ್ಟು ಬಂದಿತ್ತು, ಆದರೆ ಕಾರಣ ಗೊತ್ತಿತ್ತು. 1994ರ ಅಂಗಾಂಗ ಕಸಿ ಕಾಯ್ದೆ ಬರುವ ಮುಂಚೆ ಕಿಡ್ನಿ ಮಾರುವುದನ್ನು ತಡೆಯುವ ಕಾನೂನೇ ಇರಲಿಲ್ಲ. ಬಡವರ ಕಿಡ್ನಿ ಕೊಳ್ಳುವ ಜಾಲದಿಂದ ಬೆಂಗಳೂರು ತೊಂಬತ್ತರ ದಶಕದಲ್ಲಿ ಎಂಥ ಹೆಸರು ತೆಗೆದುಕೊಂಡಿತ್ತು ಎಂಬುದು ಆಗ ಪೇಪರ್ ಓದಿದವರಿಗೆಲ್ಲ ನೆನಪಿರುತ್ತದೆ. ಈಗ ಹಣಕ್ಕೆ ವ್ಯವಹಾರ ಮಾಡಿದರೆ ಹತ್ತು ವರ್ಷದ ವರೆಗೆ ಜೈಲು, ಒಂದು ಕೋಟಿಯ ವರೆಗೆ ದಂಡ. ಆಗಲೇಬೇಕು.

ಆದರೆ ಕಾನೂನಿನ ಕಣ್ಣೆಲ್ಲ ದಲ್ಲಾಳಿಯ ಮೇಲೇ ಇದೆ. ಹಣ ಕೈ ಬದಲಾಯಿಸಿತೇ ಎಂದು ಅದು ಹುಡುಕುತ್ತದೆ. ನಮ್ಮಂಥ ಮನೆಗಳಲ್ಲಿ ಹಣ ಓಡಾಡುವುದಿಲ್ಲ. ಅಮ್ಮನ ಕಣ್ಣೀರು ಓಡಾಡುತ್ತದೆ. "ನಿನ್ನ ಮದುವೆಗೆ ಅವನೇ ಅಲ್ವೇ ಓಡಾಡಿದ್ದು" ಎಂದು ಯಾರೋ ಚಿಕ್ಕಮ್ಮ ಹೇಳಿಹೋಗುತ್ತಾಳೆ. ತಂಗಿಯಾದವಳು ಇಲ್ಲ ಅಂದರೆ ಮುಂದಿನ ಗೌರಿ ಹಬ್ಬಕ್ಕೆ ಯಾವ ಮುಖ ಇಟ್ಟುಕೊಂಡು ತವರಿಗೆ ಬರಬೇಕು? ಇದಕ್ಕೆ ಯಾವ ಕಚೇರಿಯೂ ಸರ್ಟಿಫಿಕೇಟ್ ಕೊಡುವುದಿಲ್ಲ.

ಕಾನೂನಿಗೆ ಇದು ಹೊಳೆದೇ ಇಲ್ಲ ಎಂದಲ್ಲ. ಅದೇ ಕಾಯ್ದೆಯ 2014ರ ನಿಯಮಗಳಲ್ಲಿ ಹೆಣ್ಣು ದಾನಿಗಳಿಗೆಂದೇ ಒಂದು ಮಾತಿದೆ: ದಾನಿ ಹೆಂಗಸಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವಳು ಸ್ವಂತ ಇಚ್ಛೆಯಿಂದ ಒಪ್ಪಿದ್ದಾಳೆ ಎಂಬುದನ್ನು ಅಂಗ ಪಡೆಯುವ ರೋಗಿಯಲ್ಲದ ಬೇರೊಬ್ಬರು ದೃಢಪಡಿಸಬೇಕು. ಒಳ್ಳೆಯ ಮಾತು. ಬಹಳ ಅಗತ್ಯವಾದ ಮಾತು, ಏಕೆಂದರೆ ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಹೆಂಗಸರು, ಪಡೆಯುವವರಲ್ಲಿ ಬಹುಪಾಲು ಗಂಡಸರು. ಆದರೆ ನಮ್ಮ ವಿಷಯದಲ್ಲಿ ಆ "ಬೇರೊಬ್ಬರು" ಯಾರಾಗಿದ್ದರು ಗೊತ್ತೇ? ನಾನು. ರೋಗಿ ನಾನಲ್ಲ ತಾನೇ. ಅವಳ ಪಕ್ಕದಲ್ಲಿ ಕೂತು, "ಹೌದು, ಇಷ್ಟಪಟ್ಟೇ ಕೊಡ್ತಿದಾಳೆ" ಎಂದು ಸಹಿ ಹಾಕಿದೆ. ಕಾಗದದ ಮೇಲೆ ನಿಯಮ ಪಾಲನೆಯಾಯಿತು. ಅವಳನ್ನು ಒಂಟಿಯಾಗಿ ಕೂರಿಸಿ, ಬಾಗಿಲು ಹಾಕಿ, "ನಿಂಗೆ ನಿಜವಾಗ್ಲೂ ಇಷ್ಟ ಇದೆಯೇನಮ್ಮ" ಎಂದು ಕೇಳಿದವರು ಯಾರೂ ಇಲ್ಲ. ಅನುಮತಿ ಕೊಡುವವರ ಸಂದರ್ಶನ ಹತ್ತು ನಿಮಿಷದ್ದು, ಅದರಲ್ಲಿ ಏಳು ನಿಮಿಷ ಫೋಟೋಗಳನ್ನು ತಿರುವಿ ಹಾಕಿದರು.

ಹೀಗಾಗಬೇಕಿಲ್ಲ. ಅಮೆರಿಕದಲ್ಲಿ ಬದುಕಿರುವವರ ಅಂಗ ಪಡೆದು ಕಸಿ ಮಾಡುವ ಪ್ರತಿ ಆಸ್ಪತ್ರೆಯೂ ದಾನಿಯ ಪರವಾಗಿ ನಿಲ್ಲುವ ಒಬ್ಬರನ್ನು ಇಟ್ಟುಕೊಳ್ಳಲೇಬೇಕು. ಅವರಿಗೂ ರೋಗಿಯ ಚಿಕಿತ್ಸೆಗೂ ಸಂಬಂಧವಿರಬಾರದು. ಬ್ರಿಟನ್ನಿನಲ್ಲಿ ಸ್ವತಂತ್ರ ಮೌಲ್ಯಮಾಪಕರೊಬ್ಬರು ದಾನಿಯನ್ನು ಬೇರೆಯಾಗಿ ಮಾತಾಡಿಸಿ ವರದಿ ಕೊಡಬೇಕು. ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಒಂದು ಸುತ್ತೋಲೆ ಸಾಕು ಎಂದು ನನ್ನ ತಿಳಿವಳಿಕೆ: ಆ "ಬೇರೊಬ್ಬರು" ರೋಗಿಗಾಗಲಿ ದಾನಿಗಾಗಲಿ ನೆಂಟರಾಗಿರಬಾರದು, ಕಸಿ ಮಾಡುವ ತಂಡದವರೂ ಆಗಿರಬಾರದು. ಜಿಲ್ಲಾ ಆಸ್ಪತ್ರೆಯ ಮಹಿಳಾ ವೈದ್ಯೆ ಆಗಬಹುದು, ಆಪ್ತ ಸಮಾಲೋಚಕಿ ಆಗಬಹುದು. ದಾನಿ ಒಬ್ಬಳೇ, ಬಾಗಿಲು ಹಾಕಿದ ಕೋಣೆ, ಅರ್ಧ ಗಂಟೆ.

ಆ ಅರ್ಧ ಗಂಟೆಯಲ್ಲಿ ಅವಳು ಬೇಡ ಅಂದರೆ? ಹೊರಗೆ ಕಾಯುತ್ತಿರುವ ಮನೆಯವರಿಗೆ ಏನು ಹೇಳುವುದು? ಇದಕ್ಕೂ ಬೇರೆ ಕಡೆ ದಾರಿ ಮಾಡಿಕೊಂಡಿದ್ದಾರೆ. "ಇವರು ದಾನಕ್ಕೆ ಸೂಕ್ತರಲ್ಲ" ಎಂದಷ್ಟೇ ಹೇಳುತ್ತಾರೆ, ಕಾರಣ ಕೊಡುವುದಿಲ್ಲ. ಸುಳ್ಳಲ್ಲ, ಮನಸ್ಸಿಲ್ಲದವರು ಸೂಕ್ತರೇ ಅಲ್ಲ. ನನಗೆ ಸಿಕ್ಕ "ಅನ್‌ಫಿಟ್" ಎಂಬ ಒಂದು ಮಾತು ನನ್ನನ್ನು ಎಷ್ಟು ಗೌರವದಿಂದ ಹೊರಗೆ ಕಳಿಸಿತೋ, ಅದೇ ಬಾಗಿಲು ಅವಳಿಗೂ ತೆರೆದಿರಬೇಕಿತ್ತು. ಅವಳು ಅದನ್ನು ದಾಟುತ್ತಿರಲಿಲ್ಲ ಎಂದೇ ಹೇಳುತ್ತಾಳೆ. ಇರಬಹುದು. ತೆರೆದ ಬಾಗಿಲನ್ನು ಬಿಟ್ಟು ಒಳಗೆ ಹೋಗುವುದು ಬೇರೆ, ಬಾಗಿಲೇ ಇಲ್ಲದ್ದರಿಂದ ಒಳಗೆ ಹೋಗುವುದು ಬೇರೆ.

ಅಪಾಯದ ಲೆಕ್ಕವನ್ನು ನಮಗೆ ಹೇಳಿದ ರೀತಿಯ ಬಗ್ಗೆಯೂ ಒಂದು ತಕರಾರಿದೆ. "ಕಿಡ್ನಿ ಕೊಟ್ಟವರಿಗೆ ಮುಂದೆ ಕಿಡ್ನಿ ಫೇಲ್ ಆಗೋ ಸಾಧ್ಯತೆ ಸಾಮಾನ್ಯ ಜನರಿಗಿಂತ ಕಡಿಮೆ" ಅಂದಿದ್ದರು. ಎಷ್ಟು ಸಮಾಧಾನವಾಗಿತ್ತು ಆ ಮಾತು! ಅದು ನಿಜವೂ ಹೌದು. 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಜೀವಮಾನದಲ್ಲಿ ಕಿಡ್ನಿ ಪೂರ್ತಿ ಕೈಕೊಡುವುದು 10,000 ದಾನಿಗಳಲ್ಲಿ 90 ಮಂದಿಗೆ, 10,000 ಸಾಮಾನ್ಯ ಜನರಲ್ಲಿ 326 ಮಂದಿಗೆ. ಆದರೆ ಆ ಸಾಮಾನ್ಯ ಜನರಲ್ಲಿ ನನ್ನಂಥ ಶುಗರಿನವರು, ಅಮ್ಮನಂಥ ಬಿಪಿಯವರು ಎಲ್ಲ ಇದ್ದಾರೆ. ದಾನಿಗಳಾದರೋ ಇಷ್ಟೆಲ್ಲ ಜರಡಿ ಹಿಡಿದು ಉಳಿದವರು. ಅವರಷ್ಟೇ ಆರೋಗ್ಯವಾಗಿದ್ದು ಕಿಡ್ನಿ ಕೊಡದೆ ಇದ್ದವರ ಲೆಕ್ಕವೂ ಅದೇ ಅಧ್ಯಯನದಲ್ಲಿದೆ: 10,000ಕ್ಕೆ 14. ಅಂದರೆ 14 ಇದ್ದದ್ದು 90 ಆಗುತ್ತದೆ. ಈಗಲೂ ನೂರಕ್ಕೆ ಒಂದಕ್ಕಿಂತ ಕಡಿಮೆಯೇ. ಎಷ್ಟೋ ಅಕ್ಕ ತಂಗಿಯರು ಈ ಲೆಕ್ಕ ಕೇಳಿಯೂ ಕೊಡುತ್ತಾರೆ, ಕೊಡಲಿ. ಆದರೆ ಯಾವ ಸಂಖ್ಯೆಯ ಪಕ್ಕ ಯಾವ ಸಂಖ್ಯೆಯನ್ನು ಇಡುತ್ತೀರಿ ಎಂಬುದರಲ್ಲೇ ಒಪ್ಪಿಗೆ ಅಡಗಿರುತ್ತದೆ. ಕಿಡ್ನಿ ಕೊಟ್ಟ ಮೇಲೆ ಬಸುರಿಯಾದರೆ ಬಿಪಿ ಏರುವ ಸಂಭವ ಹೆಚ್ಚು ಎಂದು ಕೆನಡಾದವರು 2015ರಲ್ಲೇ ತೋರಿಸಿದ್ದಾರೆ: ಕೊಟ್ಟವರಲ್ಲಿ ನೂರಕ್ಕೆ 11, ಕೊಡದವರಲ್ಲಿ 5. ಇನ್ನೊಂದು ಮಗು ಬೇಕು ಎಂದುಕೊಂಡಿರುವ ಹುಡುಗಿಗೆ ಇದನ್ನು ಅತ್ತೆಯ ಎದುರಲ್ಲಿ ಹೇಳಲಾದೀತೇ?

ನಮ್ಮ ಕೆಲಸ ಮುಗಿದ ಮರುವರ್ಷ, 2017ರಲ್ಲಿ, ಕೆಡಿಗೋ ಎಂಬ ಅಂತರರಾಷ್ಟ್ರೀಯ ಸಂಸ್ಥೆ ದಾನಿಗಳ ಪರೀಕ್ಷೆಗೆಂದೇ ಮಾರ್ಗಸೂಚಿ ತಂದಿತು. ಕಿಡ್ನಿ ಸೋಸುವ ಪ್ರಮಾಣ ನಿಮಿಷಕ್ಕೆ 90 ಮಿ.ಲೀ. ಅಥವಾ ಹೆಚ್ಚಿದ್ದರೆ ಸರಿ, 60ಕ್ಕಿಂತ ಕಡಿಮೆ ಇದ್ದರೆ ಬೇಡ. ದಿನದ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ 30 ಮಿಲಿಗ್ರಾಂ ಒಳಗಿದ್ದರೆ ಸರಿ, 100 ದಾಟಿದರೆ ಬೇಡ. ನಡುವಿನವರ ವಿಷಯವನ್ನು ಒಬ್ಬೊಬ್ಬರದಾಗಿ ನೋಡಿ ತೀರ್ಮಾನಿಸಬೇಕು. ವಯಸ್ಸು, ಬಿಪಿ, ಮನೆತನದ ಕಾಯಿಲೆ ಎಲ್ಲ ಸೇರಿಸಿ ಆ ವ್ಯಕ್ತಿಯ ಜೀವಮಾನದ ಅಪಾಯ ಎಷ್ಟು ಎಂದು ಲೆಕ್ಕ ಹಾಕಿ ಅವರಿಗೇ ತಿಳಿಸಬೇಕು ಎನ್ನುತ್ತದೆ ಅದು. ಫಿಟ್, ಅನ್‌ಫಿಟ್ ಎಂಬ ಎರಡು ಮೊಹರಿನಲ್ಲಿ ಇದು ಹಿಡಿಸುವುದಿಲ್ಲ.

ಹೆಂಗಸರ ವಿಷಯದಲ್ಲಿ ಇನ್ನೊಂದು ಸುಲಭದ ಉಪಾಯವನ್ನು ನಾನು ಸೂಚಿಸುತ್ತೇನೆ. ತಾಯಿ ಕಾರ್ಡ್ ಕೇಳಿ. ವಂಶವೃಕ್ಷ ಕೇಳುತ್ತೀರಿ, ಮದುವೆ ಫೋಟೋ ಕೇಳುತ್ತೀರಿ, ಅದರ ಜೊತೆಗೆ ಇದೊಂದು. ನಮ್ಮ ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು ತಿಂಗಳು ತಿಂಗಳೂ ಬಿಪಿ, ತೂಕ, ಮೂತ್ರದ ಪರೀಕ್ಷೆ ಬರೆದಿಟ್ಟಿರುತ್ತಾರೆ. ತಂಗಿಯ ತಾಯಿ ಕಾರ್ಡ್ ಮನೆಯ ಟ್ರಂಕಿನಲ್ಲೇ ಇತ್ತು. 2022ರಲ್ಲಿ ತೆಗೆದು ನೋಡಿದೆ. ಎಂಟನೇ ತಿಂಗಳ ಸಾಲಿನಲ್ಲಿ ನೀಲಿ ಪೆನ್ನಿನಲ್ಲಿ 160/100 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ನನ್ನ ಬಾಯಿ ಹೇಳಿದ ಸುಳ್ಳನ್ನು ಆ ಹಳದಿಯಾದ ಕಾರ್ಡ್ ಹೇಳುತ್ತಿರಲಿಲ್ಲ.

2022ರಲ್ಲಿ ಯಾಕೆ ತೆಗೆದೆ ಎಂದರೆ, ಆ ವರ್ಷ ತಲೆನೋವೆಂದು ಊರಿನ ಕ್ಲಿನಿಕ್ಕಿಗೆ ಹೋದಾಗ ಅವಳ ಬಿಪಿ 170/104 ಇತ್ತು. ಅದುವರೆಗೆ ಆರು ವರ್ಷದಲ್ಲಿ ಎರಡೇ ಸಲ ಪರೀಕ್ಷೆಯಾಗಿತ್ತು, ಎರಡೂ ಮೊದಲ ವರ್ಷದ್ದು. ತಮ್ಮನನ್ನು ತಿಂಗಳು ತಿಂಗಳೂ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದ ನಾವು ಯಾರೂ ಅವಳನ್ನು ಬಾ ಎಂದು ಕರೆಯಲಿಲ್ಲ. ಆಸ್ಪತ್ರೆಯೂ ಕರೆಯಲಿಲ್ಲ. ಈ ನಡುವೆ ಮಷಿನ್ ತುಳಿದು ತುಳಿದು ಬಂದ ಸೊಂಟನೋವಿಗೆ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ವಾರಕ್ಕೆ ನಾಲ್ಕೈದು ನುಂಗುತ್ತಿದ್ದಳು. ಒಂದೇ ಕಿಡ್ನಿ ಇರುವವರು ಅಂಥ ಮಾತ್ರೆಗಳಿಂದ ದೂರ ಇರಬೇಕು ಎಂದು ಡಿಸ್ಚಾರ್ಜ್ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತಂತೆ. ಕ್ರಿಯಾಟಿನಿನ್ 1.4 ಬಂತು, ಮೂತ್ರದಲ್ಲಿ ಪ್ರೋಟೀನ್. ಒಂದು ಕಿಡ್ನಿ ಹೋದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರುವುದು ಸಹಜ. ಅವಳದು ಆಪರೇಷನ್ ಆದಾಗ 1.1ಕ್ಕೆ ನಿಂತಿತ್ತು. 1.4, ಅದೂ ಪ್ರೋಟೀನ್ ಜೊತೆಗೆ, ಸಹಜವಲ್ಲ. ದಾನದಿಂದಲೇ ಹೀಗಾಯಿತೋ, ಬಸುರಿಯ ಬಿಪಿಯ ಬಾಲವೋ, ಮಾತ್ರೆಗಳದ್ದೋ, ತಮ್ಮನ ಹೆಸರಿಲ್ಲದ ಕಾಯಿಲೆಯೋ, ನನಗೆ ಗೊತ್ತಿಲ್ಲ, ಡಾಕ್ಟರೂ ಖಚಿತವಾಗಿ ಹೇಳುವುದಿಲ್ಲ. ಈಗ ಔಷಧಿಯ ಮೇಲೆ ಹಾಗೆಯೇ ನಿಂತಿದೆ.

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲ ಬಾರಿಗೆ ಕಿಡ್ನಿ ಕಸಿ ಗೆದ್ದಿತು. ರೊನಾಲ್ಡ್ ಹೆರಿಕ್ ತನ್ನ ಅವಳಿ ಸಹೋದರ ರಿಚರ್ಡ್‌ಗೆ ಕಿಡ್ನಿ ಕೊಟ್ಟ. ಅವರಿಬ್ಬರು ಅಚ್ಚಿನ ಅವಳಿಗಳೇ ಎಂದು ತಿಳಿಯಲು ಬೆರಳಚ್ಚು ಕೂಡ ತೆಗೆಸಿದ್ದರಂತೆ. ನಾವು ತಂದ ವಂಶವೃಕ್ಷದ ಕಾಗದಕ್ಕೆ ಅಜ್ಜ ಅದು. ಆಪರೇಷನ್ ಮಾಡಿದ ಜೋಸೆಫ್ ಮರ್ರಿ ಅವರಿಗೆ 1990ರಲ್ಲಿ ನೊಬೆಲ್ ಬಂತು. ಅವರು ನೆನಪಿಸಿಕೊಂಡಿರುವ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಆಪರೇಷನ್ನಿಗೆ ಮುಂಚೆ ರೊನಾಲ್ಡ್ ಕೇಳಿದನಂತೆ, ಇನ್ನು ನನ್ನ ಜೀವಮಾನದ ಆರೋಗ್ಯದ ಹೊಣೆ ಆಸ್ಪತ್ರೆಯದೇ ಎಂದು. ಖಂಡಿತ ಇಲ್ಲ ಎಂದ ಡಾಕ್ಟರು, ಮರುಕ್ಷಣವೇ ಕೇಳಿದರಂತೆ: ಆದರೆ ನಿನಗೆ ಕಷ್ಟ ಬಂದಾಗ ಈ ಕೋಣೆಯಲ್ಲಿರುವ ಯಾರಾದರೂ ನಿನ್ನನ್ನು ನೋಡಿಕೊಳ್ಳದೆ ಬಿಡುತ್ತಾರೆಯೇ? ಕಾಗದ ಪತ್ರ ಏನೂ ಇಲ್ಲದ ಮಾತು. ರೊನಾಲ್ಡ್ 2010ರ ವರೆಗೆ ಬದುಕಿದ. ಇಂದು ಆ ದೇಶದಲ್ಲಿ ದಾನಿಯ ಆರೋಗ್ಯದ ವಿವರವನ್ನು ಆರು ತಿಂಗಳಿಗೆ, ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಆಸ್ಪತ್ರೆ ಒಪ್ಪಿಸಲೇಬೇಕು. ಎರಡು ವರ್ಷ ನನ್ನ ಮಟ್ಟಿಗೆ ಸಾಲದು, ತಂಗಿಯದು ಆರನೇ ವರ್ಷಕ್ಕೆ ಕಂಡದ್ದು.

ಮಾನ್ಯ ಸಚಿವರೇ, ತಪಾಸಣೆ ಎಂದರೆ ಆಪರೇಷನ್ನಿಗೆ ಮುಂಚಿನ ಎರಡು ತಿಂಗಳು ಎಂದು ಎಲ್ಲರೂ ತಿಳಿದಿದ್ದೇವೆ. ನಾನು ಕೇಳುತ್ತಿರುವುದು ಅದು ದಾನಿಯ ಹೆಸರಿನಲ್ಲಿ ಆರಂಭವಾಗಿ ದಾನಿಯ ಜೊತೆಗೇ ಮುಂದುವರಿಯಬೇಕೆಂದು. ಅವಳದೇ ಫೈಲ್, ಅದರ ಒಂದು ಪ್ರತಿ ಅವಳ ಕೈಗೆ, ಮುಖ್ಯವಾದ ಸಾಲುಗಳು ಕನ್ನಡದಲ್ಲಿ. ನನ್ನಂತೆ ಹೊರಬಿದ್ದವರಿಗೂ ಒಂದು ಚೀಟಿ: ನಿಮ್ಮಲ್ಲಿ ಇದು ಕಂಡಿದೆ, ಇಲ್ಲಿಗೆ ಹೋಗಿ. ನಾನು ಶುಗರಿಗೆ ಔಷಧಿ ಶುರು ಮಾಡಿದ್ದು ಎಂಟು ತಿಂಗಳ ನಂತರ, ಕಾಲಿನ ಗಾಯ ಮಾಯದೆ ಹೋದಾಗ. ವಿಜ್ಞಾನದ ಮೇಷ್ಟ್ರಿಗೇ ಹೀಗೆ. ಕೊಟ್ಟವರಿಗೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಶುಗರ್. ಇದಕ್ಕೆ ಬೆಂಗಳೂರೇ ಆಗಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯ ಲ್ಯಾಬ್ ಸಾಕು. ಉಚಿತವಾಗಿರಲಿ. ಅಂಗದಾನ ಮಾಡುವ ಕೇಂದ್ರ ಸರ್ಕಾರಿ ನೌಕರರಿಗೆ 2023ರಿಂದ 42 ದಿನದ ವಿಶೇಷ ರಜೆ ಇದೆ. ಮನೆಯಲ್ಲಿ ಬ್ಲೌಸ್ ಹೊಲಿಯುವವಳಿಗೆ ರಜೆಯೂ ಇಲ್ಲ, ಸಂಬಳವೂ ಇಲ್ಲ. ಮೂರು ತಿಂಗಳು ಭಾರ ಎತ್ತಬೇಡ ಎಂದರು, ಆರನೇ ವಾರಕ್ಕೆ ಬಾವಿಯಿಂದ ನೀರು ಸೇದುತ್ತಿದ್ದಳು. ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಮೆದುಳು ನಿಷ್ಕ್ರಿಯಗೊಂಡವರ ಅಂಗದಾನದ ಲೆಕ್ಕವನ್ನು ಅಚ್ಚುಕಟ್ಟಾಗಿ ಇಡುತ್ತದೆ. ಬದುಕಿದ್ದೇ ಕೊಟ್ಟವರ ಲೆಕ್ಕವನ್ನೂ ಯಾರಾದರೂ ಹಾಗೆ ವರ್ಷ ವರ್ಷ ಬಿಡದೆ ಇಡಲಿ.

ಇಷ್ಟೆಲ್ಲ ಕೇಳಿದರೆ ದಾನಿಗಳು ಕಡಿಮೆಯಾಗುತ್ತಾರೆ, ಡಯಾಲಿಸಿಸ್ ಮೇಲಿರುವವರ ಗತಿ ಏನು ಎಂದು ನನ್ನ ತಮ್ಮನೇ ಕೇಳಿದ. ಅವನಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ. ಕೆಲವರು ಕಡಿಮೆಯಾಗಬಹುದು. ಆ ಕೆಲವರು ಬಹುಶಃ ಕೊಡಬಾರದಿದ್ದವರು. ನಾನು ಹಾಗಂದದ್ದಕ್ಕೆ ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಕನ್ನ ಮುಂದಿನ ತಿಂಗಳು ನನ್ ಜೊತೆ ನಾನೇ ಕರ್ಕೊಂಡು ಹೋಗ್ತೀನಿ" ಅಂದ. ಅಂದಿನಿಂದ ಇಬ್ಬರೂ ಒಟ್ಟಿಗೆ ಹೋಗುತ್ತಾರೆ.

ಈ ಪತ್ರವನ್ನು ತಂಗಿಗೆ ಓದಿ ಹೇಳಿದೆ. ಹೆಸರು ಹಾಕಬೇಡ ಅಂದಳು. ಎಳನೀರಿನ ಮಾತು ತೆಗೆದುಬಿಡು ಅಂದಳು, ಆಮೇಲೆ ಇರಲಿ ಬಿಡು ಅಂದಳು. ಹೋದ ತಿಂಗಳು ಅವಳ ಮನೆಗೆ ಬಿಪಿ, ಶುಗರ್ ನೋಡಲು ಆಶಾ ಕಾರ್ಯಕರ್ತೆ ಬಂದಿದ್ದಳಂತೆ. ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ನಂಗೆ ಒಂದೇ ಕಿಡ್ನಿ ಇರೋದು, ಅದನ್ನೆಲ್ಲಿ ಬರ್ಕೊಳ್ತೀರಿ?" ಎಂದು ಇವಳೇ ಕೇಳಿದ್ದಾಳೆ. ಅದಕ್ಕೆ ಜಾಗ ಇರಲಿಲ್ಲ. ಆ ಹುಡುಗಿ ಸ್ವಲ್ಪ ಯೋಚಿಸಿ, ತನ್ನ ಡೈರಿಯಲ್ಲಿ ತಂಗಿಯ ಹೆಸರಿನ ಪಕ್ಕದ ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಂಡಳಂತೆ: ಒಂದು ಕಿಡ್ನಿ, ತಮ್ಮನಿಗೆ ಕೊಟ್ಟಿದ್ದಾರೆ.

ಇಂತಿ,
ದಾನಿಯೊಬ್ಬಳ ಅಣ್ಣ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ